ಶೇಕಡಾ ಎರಡು

ಗ್ರೀನ್ ಸ್ಟ್ರೀಟಿನಲ್ಲಿ ಪುಂಡಲೀಕ ಬಾಂದೇಕರನ ಕಚೇರಿಯೆಂದರೆ
ಒಂದು ಮೇಜು, ಎರಡು ಕುರ್ಚಿ, ಝೆರಾಕ್ಸ್ ಅಂಗಡಿಯವನ ಅರ್ಧ ಗೋಡೆ.
ಅಲ್ಲಿ ಹೋಗಿ ಕೂತರೆ
ನನ್ನ ಮನೆ ಮಾರಾಟಕ್ಕಿದೆಯೆಂಬ ಸುದ್ದಿ
ನಾನು ಕೋಡಿಬಾಗಕ್ಕೆ ಮರಳುವ ಮೊದಲೇ
ಮೀನುಪೇಟೆ ದಾಟಿ, ರಿಕ್ಷಾ ಹತ್ತಿ ಬಂದು
ಗೇಟಿನಲ್ಲಿ ಕಾಯುತ್ತಿರುತ್ತದೆ.

ಆ್ಯಪಿಗೆ ಬಾಯಿಲ್ಲ.
ಮೂರು ಸಾವಿರದ ನಾನೂರ ತೊಂಬತ್ತೊಂಬತ್ತು, ತೊಂಬತ್ತು ದಿನ,
ಎಂಟು ಫೋಟೋ, ಕಮಿಷನ್ ಸೊನ್ನೆ.
ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ನಾನು;
ನಲವತ್ತೆಂಟು ಲಕ್ಷಕ್ಕೆ ಶೇಕಡಾ ಎರಡೆಂದರೆ ತೊಂಬತ್ತಾರು ಸಾವಿರ.
ಯಾವುದು ಕಡಿಮೆಯೆಂದು ತಿಳಿಯಲು ಕರಿಹಲಗೆ ಬೇಡ.

ರಾತ್ರಿ ಊಟವಾದ ಮೇಲೆ ಕೂತು ತುಂಬಿದೆ.
ಬೆಡ್‌ರೂಮು: ಎರಡು.
ಬಾಗಿಲು: ಪೂರ್ವಕ್ಕೆ.
ನೀರು: ಇಪ್ಪತ್ನಾಲ್ಕು ಗಂಟೆ. ಸುಳ್ಳಲ್ಲ, ಬಾವಿ ಎಂದೂ ಬತ್ತಿದ್ದಿಲ್ಲ.
ಸಮುದ್ರ ಕಾಣುವುದೇ: ತಾರಸಿಯ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಕಂಡೀತು,
ಹಾಗೆ ಬರೆಯಲು ಜಾಗವಿಲ್ಲ. ಹೌದು ಎಂದೆ.
ಮಾರುವ ಕಾರಣ ಎಂಬಲ್ಲಿ ಬಾಣದ ಗುರುತು ಒತ್ತಿದರೆ
ವರ್ಗಾವಣೆ, ದೊಡ್ಡ ಮನೆ, ಹಣದ ತುರ್ತು, ಇತರೆ.
ಖರೀದಿ ಪತ್ರದಲ್ಲಿ ಎರಡು ಸಹಿ, ಅಡುಗೆಮನೆಯಲ್ಲಿ ಒಂದು ತಟ್ಟೆ.
ಇತರೆ ಎಂದೆ.

ಬೆಳಿಗ್ಗೆ ಆರೂ ಮುಕ್ಕಾಲಿಗೆ ಮೊದಲ ಫೋನು.
"ಅಕ್ಕೋರೆ, ನಾನು ಪುಂಡಲೀಕ.
ಹೆಸರು ಹಾಕ್ಲಿಲ್ಲ ನೀವು. ಆದ್ರೆ ಐದನೇ ಫೋಟೋದಲ್ಲಿ
ಗೋಡೆಗೆ ಒರಗಿಸಿಟ್ಟದ್ದು ಆ ಮರದ ದೊಡ್ಡ ಕೈವಾರ ಅಲ್ವಾ?
ಅದರ ರುಚಿ ನಂಗೆ ಇನ್ನೂ ನೆನಪುಂಟು."

ಏಳನೇ ತರಗತಿಯಲ್ಲಿ ಶೇಕಡಾ ಲೆಕ್ಕ
ಒಂದನ್ನೂ ಸರಿ ಮಾಡದ ಹುಡುಗ.
ಈಗ ಅದರಲ್ಲೇ ಸಂಸಾರ ಸಾಗಿಸುತ್ತಾನೆ.

ಹತ್ತಕ್ಕೆ ಬಂದ. ಕೋಣೆ ನೋಡಲಿಲ್ಲ.
ಕಿಟಕಿಯ ಸರಳನ್ನು ಉಗುರಿನಿಂದ ಕೆರೆದ,
ತುಕ್ಕನ್ನು ಪ್ಯಾಂಟಿಗೆ ಒರೆಸಿಕೊಂಡ.
ನೆಟ್ಟಗೆ ಹಿತ್ತಲಿಗೆ ನಡೆದು ಒಂದು ಕೊಡ ನೀರು ಸೇದಿ
ಬೊಗಸೆಯಲ್ಲಿ ಕುಡಿದ, ನುಂಗದೆ ಬಾಯಲ್ಲೇ ತುಸು ಹಿಡಿದ.
"ಹೋಳಿ ತನಕ ಸಿಹಿ. ಆಮೇಲೆ ಕಾಳಿ ಹೊಳೆಗೆ ಉಪ್ಪು ಏರ್ತದೆ, ಇಲ್ಲಿಗೂ ಬರ್ತದೆ, ಹೌದಲ್ಲ?
ನೇವಿಯವರ ಪಾರ್ಟಿ ಒಂದು ಅದೆ. ಸಂಕ್ರಾಂತಿ ಒಳಗೆ ತೋರ್ಸುವಾ."
ಗಂಡನ ಬಗ್ಗೆ ಕೇಳಲಿಲ್ಲ.
ಎರಡನೇ ಸಹಿ ಎಲ್ಲಿ ಸಿಗ್ತದೆ ಅಂತಷ್ಟೇ ಕೇಳಿದ,
ವಾಸ್ಕೋದಲ್ಲೋ ಮಡಗಾಂವದಲ್ಲೋ.

ಗೇಟಿನ ಒಳಗೇ ಇಟ್ಟುಕೊಂಡಿದ್ದೇನೆಂದು
ಮೂರು ವರ್ಷ ನಂಬಿದವಳು ನಾನೊಬ್ಬಳೇ.

"ಶೇಕಡಾ ಒಂದೂವರೆ," ಎಂದೆ.
"ಎಪ್ಪತ್ತೆರಡು ಸಾವಿರ," ಎಂದ, ರೆಪ್ಪೆ ಬಡಿಯದೆ.
ಸರಿಯಿತ್ತು. ನನ್ನ ಬೆರಳು ಸೀರೆಯ ಮೇಲೆ
ತಾನಾಗಿ ಒಂದು ಟಿಕ್ ಹಾಕಿತು.

"ಬಂದವರಿಗೆ ಕುಡಿಯಲು ನೀರು ನಾನೇ ಕೊಡುವುದು,
ಬೇಸಿಗೆಯ ಮಾತನ್ನೂ ನಾನೇ ಹೇಳುವುದು."
ಆಕಾಶ ನೋಡಿದ, ಬಾವಿ ನೋಡಿದ.
"ಹಂಗಾದ್ರೆ ನಲವತ್ತೈದು ಲಕ್ಷ, ಅಕ್ಕೋರೆ.
ನಂದು ಅರವತ್ತೇಳೂವರೆ ಸಾವಿರ."
ಅದೂ ಸರಿಯಿತ್ತು.

ಕೊಡದಲ್ಲಿ ಉಳಿದದ್ದನ್ನು ಕರಿಬೇವಿನ ಬುಡಕ್ಕೆ ಸುರಿದು ಹೋದ.
ಕಟ್ಟೆಯ ಮೇಲಿಟ್ಟ ಫೋನು ಒಮ್ಮೆ ನಡುಗಿತು:
ನಿಮ್ಮ ಮನೆಯನ್ನು ಇದುವರೆಗೆ ನೋಡಿದವರು,
ಒಬ್ಬರು.