ಎರಡು-ಒಂದು ಬಿದ್ದಾಗ

ಕೋಬರ್ಗಿನಲ್ಲಿ, ಸಿಡ್ನಿ ರೋಡಿನ ಮೇಲೆ
ಸೆವ್ಗುಲ್‌ಳ ಹೊಲಿಗೆಯಂಗಡಿ.
ಇಸ್ತ್ರಿ ಮೇಜಿನ ತುದಿಗೆ ಬ್ಯಾಕ್‌ಗ್ಯಾಮನ್ ಹಲಗೆ,
ಅವಳಪ್ಪ ಸೈಪ್ರಸ್ಸಿನಿಂದ ಹೊತ್ತು ತಂದದ್ದು.
ಎರಡು ಕಾಯಿ ಹಡಗಿನಲ್ಲೇ ಕಳೆದವಂತೆ;
ಅವುಗಳ ಜಾಗಕ್ಕೆ ಓವರ್‌ಕೋಟಿನ ಎರಡು ಕಂದು ಗುಂಡಿ.
ನನ್ನ ಪಾಲಿಗೆ ಯಾವಾಗಲೂ ಗುಂಡಿಯ ಪಡೆಯೇ.

ನನ್ನ ಟ್ರಾಮ್ ಶಿಫ್ಟಿನ ಎರಡು ತುಂಡುಗಳ ನಡುವೆ
ಸಿಗುವುದು ಒಂದೂಕಾಲು ಗಂಟೆ.
ಸೋತವಳು ಶುಕ್ರವಾರದ ಊಟ ತರಬೇಕು.

ಇವತ್ತು ಆಟ ನನ್ನ ಕಡೆಗೇ ವಾಲಿದೆ.
ಎಂಟು ಹೊರಬಿದ್ದಿವೆ, ಏಳು ಉಳಿದಿವೆ:
ನಾಲ್ಕನೇ ಮನೆಯಲ್ಲಿ ಎರಡು, ಮೂರರಲ್ಲಿ ಎರಡು, ಎರಡರಲ್ಲಿ ಮೂರು.
ಒಂದನೇ ಮನೆಯಲ್ಲಿ ಅವಳ ಜೋಡಿ,
ಬಾಡಿಗೆ ಕೊಡದೆ, ಬಿಟ್ಟೂ ಹೋಗದೆ ಕೂತ ಜನ.

ಹೀಗೆ ಹೊರಗೆ ತೆಗೆಯುವುದಕ್ಕೆ
ಅವಳ ಭಾಷೆಯಲ್ಲಿ ಆಯುವುದು ಅಂತಾರೆ.
ನಾನು ಹಣ್ಣು ಅನ್ನುತ್ತೇನೆ.
ಸೀಮೆಸುಣ್ಣದ ಚೌಕಾಬಾರದಲ್ಲಿ ನಡುಮನೆ ಸೇರಿದ ಕಾಯಿ ಹಣ್ಣು,
ಇಲ್ಲಿ ಹಲಗೆ ಬಿಟ್ಟದ್ದು.
ಅಲ್ಲಿ ಒಳಗೆ, ಇಲ್ಲಿ ಹೊರಗೆ. ಕಡೆಯ ನಾಲ್ಕು ಹೆಜ್ಜೆಗೆ
ಎದೆ ಹೊಡೆದುಕೊಳ್ಳುವುದು ಮಾತ್ರ ಅದೇ.

ದಾಳ ಹಾಕಿದೆ. ಎರಡು, ಒಂದು.
ಇಷ್ಟು ಜಿಪುಣ ದಾಳ ಇನ್ನೊಂದಿಲ್ಲ.

ನಾಲ್ಕರ ಮನೆಯ ಇಬ್ಬರನ್ನೂ ಕೆಳಗಿಳಿಸಬಹುದು.
ಮೂರರಲ್ಲಿ ಮೂರು, ಎರಡರಲ್ಲಿ ನಾಲ್ಕು,
ಚಳಿಗೆ ಕೂತ ಕುರಿಗಳ ಹಾಗೆ ಮೈಗೆ ಮೈ.
ಏನೂ ಹಣ್ಣಾಗುವುದಿಲ್ಲ, ಏನೂ ಕೊಳೆಯುವುದೂ ಇಲ್ಲ.
ಏಳಕ್ಕೆ ನಾಲ್ಕು ಎಸೆತ ಬೇಕು. ಅಷ್ಟರಲ್ಲಿ
ಅವಳ ಜೋಡಿ ಊರು ಮುಟ್ಟೀತು;
ಗೆದ್ದರೂ ಒಂದೇ ಅಂಕ, ನಾಳೆ ಮತ್ತೆ ಮೊದಲಿನಿಂದ.

ಇಲ್ಲವೇ ಎರಡರಿಂದ ಒಂದನ್ನು ಎತ್ತಿಬಿಡು,
ಮೂರರಿಂದ ಒಂದನ್ನು ಇಳಿಸು.
ಆರಾಯಿತು. ಆರಕ್ಕೆ ಮೂರೇ ಎಸೆತ.
ಅವಳು ಊರು ಮುಟ್ಟುವ ಮೊದಲೇ ಮುಗಿದರೆ
ಎರಡು ಅಂಕ, ಪಂದ್ಯವೇ ನನ್ನದು.
ಆದರೆ ಮೂರರ ಮನೆಯಲ್ಲಿ ಉಳಿಯುವುದು
ಒಂದು ಕಂದು ಗುಂಡಿ, ಒಂಟಿಯಾಗಿ.

ಮೂವತ್ತಾರರಲ್ಲಿ ಹನ್ನೊಂದು.
ಮೂವತ್ತಾರು ಜನ ಹತ್ತಿದರೆ
ಹನ್ನೊಂದು ಜನರ ಹತ್ತಿರ ಟಿಕೆಟ್ಟಿಲ್ಲ ಅಂದುಕೋ.
ಮುಖ ನೋಡಿ ಯಾರೆಂದು ಹೇಳುವುದು ಕಷ್ಟ.

ಸೆವ್ಗುಲ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು
ಯಾರದೋ ಪ್ಯಾಂಟಿನ ಅಂಚು ಮಡಿಚುತ್ತಿದ್ದಾಳೆ.
ಹಲಗೆ ಕಡೆ ನೋಡುವುದೇ ಇಲ್ಲ.
ನೋಡಿದ್ದಾಳೆ.

ದಿನವಿಡೀ ನಾನು ಹಳಿಯ ಮೇಲೆ.
ಎಲ್ಲಿ ತಿರುಗಬೇಕೆಂದು ಕಬ್ಬಿಣ ಮೊದಲೇ ತೀರ್ಮಾನಿಸಿದೆ.
ಸೈಕಲ್ಲು ಅಡ್ಡ ಬಂದರೆ ಗಂಟೆ ಬಾರಿಸು, ಬ್ರೇಕ್ ಹಿಡಿ;
ಪಕ್ಕಕ್ಕೆ ಹೊರಳುವುದು ಅನ್ನುವುದೇ ಇಲ್ಲ.
ಹದಿನಾಲ್ಕು ವರ್ಷ, ಒಂದು ಗೀರೂ ಇಲ್ಲವೆಂದು
ಡಿಪೋದವರು ಸರ್ಟಿಫಿಕೇಟ್ ಕೊಟ್ಟರು.
ಫ್ರಿಜ್ಜಿನ ಮೇಲಿಟ್ಟಿದ್ದೆ. ಹಿಂದಕ್ಕೆ ಜಾರಿದೆ, ತೆಗೆದಿಲ್ಲ.

ಎತ್ತಿಬಿಟ್ಟೆ.

ಅವಳು ಅವಸರ ಮಾಡಲಿಲ್ಲ.
ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು
ಮೆತ್ತೆಗೆ ಚುಚ್ಚಿ, ಕೈ ಒರೆಸಿ, ಆಮೇಲೆ ದಾಳ.
ಐದು. ಇನ್ನೊಂದು ಕತ್ತರಿಗೆ ತಾಗಿ, ಸುತ್ತಿ,
ಎರಡು.

ಗುಂಡಿ ನಡುಗೋಡೆಯ ಮೇಲೆ ಹೋಗಿ ಕೂತಿತು.
ಅತ್ತ ಅವಳ ಆರೂ ಬಾಗಿಲಿಗೆ ಅಗುಳಿ.
ಗಡಿಯಾರದಲ್ಲಿ ಎರಡಕ್ಕೆ ಎಂಟು ನಿಮಿಷ.
'ಹೀಗೇ ಇರಲಿ, ನಾಳೆ,' ಅಂದು ಸೆವ್ಗುಲ್
ಹಲಗೆಯ ಮೇಲೆ ಅಸ್ತರಿನ ಬಟ್ಟೆ ಹೊದಿಸಿದಳು,
ಮಲಗಿದ ಮಗುವಿಗೆ ಹೊದಿಸಿದಂತೆ ಅಲ್ಲ,
ಅರ್ಧ ಹೊಲಿದ ಕೋಟಿಗೆ ಧೂಳು ಹಿಡಿಯದಿರಲೆಂದು.

ಮೋರ್ಲ್ಯಾಂಡ್ ರೋಡಿನ ಕೆಂಪು ದೀಪದಲ್ಲಿ ಎಣಿಸಿದೆ.
ಐದು ಮೈಗೆ ಮೈ ಹತ್ತಿಸಿ ಕೂತಿವೆ. ಒಂದು ಗೋಡೆಯ ಮೇಲೆ.
ಒಂಬತ್ತು ಹಣ್ಣಾಗಿವೆ;
ಅವನ್ನು ಮತ್ತೆ ಕಾಯಿ ಮಾಡುವ ದಾಳ ಯಾರ ಕೈಲೂ ಇಲ್ಲ.
ಗೆಲ್ಲಬಹುದು ಇನ್ನೂ. ಊಟಕ್ಕೆ ಚಿತ್ರಾನ್ನ ಸಾಕೇ?

ಅವಳಂಗಡಿ ಮುಂದೆ ಹಾಯುವಾಗ
ಒಂದು ಸಲ ಹೆಚ್ಚಿಗೆ ಗಂಟೆ ಬಾರಿಸಿದೆ.
ಹಳಿಯ ಮೇಲೆ ಯಾರೂ ಅಡ್ಡ ಇರಲಿಲ್ಲ.