ಅರ್ಧ ಹೆಜ್ಜೆ

ಫಹಾಹೀಲಿನ ಹಳೇ ಕಟ್ಟಡದ ನೆಲಮಾಳಿಗೆ,
ಗುರುವಾರ ರಾತ್ರಿ ಒಂಬತ್ತೂವರೆ.
ಕ್ಲಾಸು ಮುಗಿದಿದೆ. ಎ.ಸಿ. ಮಾತ್ರ
ಗಾಣಕ್ಕೆ ಕಟ್ಟಿದ ಮುದಿ ಕೋಣದ ಹಾಗೆ
ಇನ್ನೂ ಏದುಸಿರು ಬಿಡುತ್ತಿದೆ.
ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಾವು ನಾಲ್ವರು,
ಕಾಗದದ ಲೋಟದಲ್ಲಿ ಸುಲೈಮಾನಿ,
ಬೆನ್ನಿಗಂಟಿದ ಬಿಳಿ ಅಂಗಿ.
ಅಸಲಿ ಕಾಳಗ ಇನ್ನು ಶುರು.

ಮೊದಲು ಗುರುಗಳ ಸರದಿ.
ಸಿರಿಲ್ ಪಾಯ್ಸನ ಮಾಸ್ತರು ಬಂದರಿನವರು,
ಒಂದೇ ಏಟಿಗೆ ಒಂಬತ್ತು ಹೆಂಚು.
(ಹೋದ ವರ್ಷ ಏಳಿತ್ತು.)
ಮೊಯ್ದಿನಬ್ಬನ ಉಸ್ತಾದರು ಹೊಡೆಯುತ್ತಲೇ ಇರಲಿಲ್ಲವಂತೆ,
ಎದುರು ನಿಂತು ಉಸಿರು ಬಿಟ್ಟರೆ ಸಾಕು,
ಹುಡುಗರು ತಾವಾಗಿಯೇ ತಪ್ಪೊಪ್ಪಿಕೊಳ್ಳುತ್ತಿದ್ದರಂತೆ.
ಕೋಟ್ಯಾನಣ್ಣನಿಗೆ ನಗು:
"ನನ್ನ ಗುರು ಮೂರು ತಿಂಗಳ ಫೀಸು ತಗೊಂಡು
ದೋಹಾಕ್ಕೆ ಓಡಿದ ಮಾರಾಯ್ರೆ.
ಓಟ ಕಲಿಸಿದ್ದು ಅವನೇ."

ಮಾತು ಓಕಿನಾವಾ ಸುತ್ತಿ,
ಕತ್ತಿ ಕಿತ್ತುಕೊಂಡ ಅರಸರ ಕತೆ ಮುಗಿಸಿ
ಮೆಲ್ಲಗೆ ಊರಿಗೆ ಇಳಿಯುತ್ತದೆ.
ಉಳ್ಳಾಲದ ರಾಣಿಯ ಬೆಂಕಿಬಾಣದ ತನಕ
ಯಾರದೂ ತಕರಾರಿಲ್ಲ.
ಪರಂಗಿ ಹಡಗು ಉರಿಯುವಾಗ ಸಿರಿಲ್ ಕೂಡ
ಆರಾಮಾಗಿ ಬಿಸ್ಕೀಟು ಅದ್ದುತ್ತಾನೆ.
ಆಮೇಲೆ ಪೊಳ್ಳಿಲೂರು.
ಮೊಯ್ದಿನಬ್ಬ ಮ್ಯಾಟಿನ ಮೇಲೆ ಖರ್ಜೂರದ ಬೀಜ ಜೋಡಿಸುತ್ತಾನೆ:
ಇದು ಬೈಲಿಯ ಪಡೆ, ಇದು ಮದ್ದಿನ ಬಂಡಿ,
ಇಗೋ ಇಲ್ಲಿಂದ ಹಾರಿತು ನೋಡು ಟಿಪ್ಪುವಿನ ರಾಕೆಟ್ಟು!

ಸಿರಿಲ್ ಲೋಟ ಕೆಳಗಿಡುತ್ತಾನೆ.
"ನನ್ನ ಮುತ್ತಜ್ಜಿಯ ಮುತ್ತಜ್ಜಿ
ಹಣೆಯಲ್ಲಿ ಬೂದಿ ಬುಧವಾರದ ಬೂದಿ ಹೊತ್ತು
ಪಟ್ಟಣದವರೆಗೆ ನಡೆದೇ ಹೋದಳು.
ಆ ಘಟ್ಟದ ದಾರಿಗೂ ಒಂದು ಬೀಜ ಇಡು."
ಮೊಯ್ದಿನಬ್ಬ ಡಬ್ಬಿ ತಡಕುತ್ತಾನೆ.
ಬೀಜ ಮುಗಿದಿದೆ.

ಕೋಟ್ಯಾನಣ್ಣ ತಕ್ಷಣ ರಾಜಕೀಯ ತೆಗೆಯುತ್ತಾರೆ,
ಜಗಳ ಬಿಡಿಸಲು ಇನ್ನೊಂದು ಜಗಳ.
ಪೈಪು ಸೇದುತ್ತಿದ್ದ ಆ ಮುಖ್ಯಮಂತ್ರಿ ಇಲ್ಲದಿದ್ದರೆ
ಡಿಕ್ಲರೇಶನ್ ಹಾಕಿದ ಅಪ್ಪನಿಗೆ
ಎಂಬತ್ತು ಸೆಂಟ್ಸು ಗದ್ದೆ ಆಕಾಶದಿಂದ ಬೀಳುತ್ತಿತ್ತಾ?
"ಅದೇ ಕಾಲದಲ್ಲೇ ಅಲ್ಲವಾ ಬಾಯಿಗೆ ಬೀಗ ಹಾಕಿದ್ದು?"
"ಬಾಯಿಗೆ ಬೀಗ, ಹೌದು. ಹೊಟ್ಟೆಗೆ ಗಂಜಿ."
ಗದ್ದೆ ಕಳಕೊಂಡ ಮನೆಯ ಮೊಮ್ಮಗಳು ನಾನು.
ಆ ಮನುಷ್ಯನಿಗೆ ನಮ್ಮಜ್ಜ ಇಟ್ಟಿದ್ದ ಹೆಸರು
ಇಲ್ಲಿ ಹೇಳುವಂಥದ್ದಲ್ಲ.
ಚಹಾ ಆರಿತು ಎಂದೆ.

"ನಿಮ್ಮ ಗುರು ಯಾರು ಟೀಚರೇ?"
ವಾರಿಜಾ ಟೀಚರ್, ಕಾರ್ಕಳ ಕಡೆಯ ಶಾಲೆ,
ಆರು ವಾರದ ಕ್ಯಾಂಪಿನಲ್ಲಿ ಕಲಿತು ಬಂದು
ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮಗೆ ಕಲಿಸಿದರು.
ಹಾಲಿನ ನಡುವೆ ಒಂದು ಕಂಬ.
ಕಟಾದ ಹನ್ನೊಂದನೇ ಚಲನೆಯಲ್ಲಿ
ಕಂಬ ತಪ್ಪಿಸಲು ಎಡಕ್ಕೆ ಅರ್ಧ ಹೆಜ್ಜೆ.
ಅದೂ ಕಟಾವೇ ಎಂದುಕೊಂಡು ಬೆಳೆದೆವು.
ಇಲ್ಲಿಗೆ ಬಂದ ಮೊದಲ ದಿನ ಜಾಫ್ನಾದ ನಮ್ಮ ಸೆನ್ಸೈ
ತಡೆದು ಕೇಳಿದ್ದರು:
ಯಾಕೆ ಸರಿದಿ? ಅಲ್ಲಿ ಯಾರಿದ್ದಾರೆ?

ನಕ್ಕರು, ಜೋರಾಗಿ.
ಸಿರಿಲ್ ಎದ್ದು ಮ್ಯಾಟಿನ ನಡುವೆ ಕಂಬವಾಗಿ ನಿಂತ.
ಮೊಯ್ದಿನಬ್ಬ ಬೀಜಗಳನ್ನು ಬಳಿದು ಜೇಬಿಗೆ ಹಾಕಿಕೊಂಡ,
ನನ್ನ ಕಾಲಿಗೆ ಚುಚ್ಚದಿರಲಿ ಎಂದು.
ಮಾಡಿ ತೋರಿಸಿದೆ. ಹನ್ನೊಂದಕ್ಕೆ ಸರಿದೆ.
ಪರೀಕ್ಷೆಯಲ್ಲಿ ಸರಿಯುವುದಿಲ್ಲ,
ಒಬ್ಬಳೇ ಇದ್ದಾಗ ಇವತ್ತಿಗೂ.

ಹೊರಡುವಾಗ ಹನ್ನೊಂದು ಗಂಟೆ.
ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಿದ್ದೆವು,
ಎದುರು ಕೋಟ್ಯಾನಣ್ಣ, ಶಿಳ್ಳೆ ಹಾಕುತ್ತ.
ತೊಂಬತ್ತರ ಆಗಸ್ಟಿನಲ್ಲೂ ಇದೇ ಕಟ್ಟಡದಲ್ಲಿದ್ದವರು,
ಅದರ ಮಾತು ಮಾತ್ರ ಎತ್ತಿದವರಲ್ಲ.
ಮೆಟ್ಟಿಲು ತಿರುಗುವಲ್ಲಿ ಶಿಳ್ಳೆ ನಿಂತಿತು.
ಖಾಲಿ ನೆಲ, ಟ್ಯೂಬ್‌ಲೈಟು, ಹೊಸ ಸುಣ್ಣ.
ಗೋಡೆಗೆ ಬೆನ್ನು ಒತ್ತಿ
ಏನನ್ನೋ ದಾಟುವವರಂತೆ ಎಡಕ್ಕೆ ಸರಿದು
ಹತ್ತಿ ಹೋದರು.
ಹಿಂದಿದ್ದ ನಾವು ಮೂವರೂ
ಅಲ್ಲೇ ಸರಿದೆವು.