ಕೈ ಕಟ್ಟಿ ಕೂತವಳು

ಉಲಾನ್‌ಬಾತರ್. ಹೊರಗೆ ಮೈನಸ್ ಮೂವತ್ತು,
ಕಿಟಕಿಗೆ ಒತ್ತಿಕೊಂಡ ಕಲ್ಲಿದ್ದಲ ಹೊಗೆ.
ಮಂಚದ ಮೇಲೆ ನಾನು, ನನ್ನ ನೀಲಿ ನಿಲುವಂಗಿ ದೇಲ್,
ಅದಕ್ಕೆ ಐದು ದಾರದ ಗುಂಡಿ.

"ಬಿಗಿದ ಕೈ ಮೊದಲು," ಅಂದಳು ನರ್ಸ್ ಸೊಲೊಂಗೊ.
ಅಷ್ಟೇ. ಆಮೇಲೆ ಕೈ ಕಟ್ಟಿ ಕೂತಳು.

ಎಡಗೈ ಹುಟ್ಟಿನಿಂದ ನನ್ನ ಮಾತು ಕೇಳದ್ದು.
ತೋಳಿನೊಳಗೆ ಹೋಗು ಅಂದರೆ
ಮುಷ್ಟಿ ಹಿಡಿದು ಎದೆಗೆ ಅವುಚಿಕೊಳ್ಳುತ್ತದೆ.
ಕಾದೆ. ಉಸಿರು ಬಿಟ್ಟೆ.
ಸ್ವಲ್ಪ ಹೊತ್ತಿಗೆ ಅದೂ ಬಿಟ್ಟಿತು.

ಬಾಗಿಲಲ್ಲಿ ಅಮ್ಮ: "ನಾನಾದರೆ ಎರಡು ನಿಮಿಷ..."
"ಗೊತ್ತು," ಅಂದಳು ಸೊಲೊಂಗೊ,
"ಹತ್ತೊಂಬತ್ತು ವರ್ಷ ಎರಡೆರಡೇ ನಿಮಿಷ ಆಯಿತಲ್ಲ.
ಚಹಾ ಕುಡಿದು ಬನ್ನಿ."

ಮೊದಲ ಗುಂಡಿ ಜಾರಿತು. ಮತ್ತೆ ಜಾರಿತು.
ನನ್ನ ಬೆರಳು ತಡವರಿಸಿದಾಗೆಲ್ಲ
ಅವಳ ಹೆಬ್ಬೆರಳು ಅವಳದೇ ಕಂಕುಳಲ್ಲಿ
ತುಸು ಅಲುಗುವುದು ಕಂಡೆ.
ಪಾಪ, ಅವಳಿಗೂ ಕಷ್ಟವೇ.

ಮೂರನೆಯದನ್ನು ನಾಲ್ಕರ ಕುಣಿಕೆಗೆ ಸಿಕ್ಕಿಸಿದೆ.
ನೋಡಿದಳು. ಹೇಳಲಿಲ್ಲ.

ನಲವತ್ತು ನಿಮಿಷ.
ಅಮ್ಮ ಬಂದಳು. ಎದೆಯ ಮೇಲೆ ಉಬ್ಬಿದ ಮಡಿಕೆ ಕಂಡು
ಕೈ ಚಾಚಿದವಳು
ನಿಂತಳು.
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ನಡುಪಟ್ಟಿ ಕಟ್ಟುವುದು
ಇನ್ನೂ ಬಾಕಿ ಇದೆ.